ಒಲೆಯಿಂದ ಒಂದು ತಿಂಗಳು ದೂರ

ಮಾರ್ಚ್ 18, ಮಂಗಳವಾರ

ಮುರಬಾಡ್ ದಾಟಿ, ಹಳ್ಳದ ಆಚೆಗಿರುವ ಕರವಂದೆಪಾಡಾ ಎಂಬ ಪುಟ್ಟ ಹಾಡಿಯಲ್ಲಿ ಇವತ್ತು ಕಣ್ಣಿನ ಶಿಬಿರ. ಶಿಬಿರ ಎಂದರೆ ಒಂದು ಹುಣಸೆಮರ, ಎರಡು ಮೇಜು, ಮರಕ್ಕೆ ಕಟ್ಟಿದ ಚಾರ್ಟು. ತಪಾಸಣೆಗೆ ಜನ ಬಂದರು, ಸಾಲಾಗಿ ಕೂತರು, ಡಾಕ್ಟರು ಟಾರ್ಚು ಬಿಟ್ಟಾಗ ಅಲುಗಾಡದೆ ಕೂತರು. ಪೊರೆ ಬಂದಿದೆ, ಆಪರೇಶನ್ ಆಗಬೇಕು ಎಂದಾಗ ತಲೆಯನ್ನೂ ಆಡಿಸಿದರು. ವ್ಯಾನು ಯಾವ ದಿನ ಕಳಿಸಲಿ ಎಂದು ಕೇಳಿದ್ದೇ ತಡ, ಒಬ್ಬೊಬ್ಬರೇ ಎದ್ದು ಹೋದರು.

ಕಲ್ಯಾಣದ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಆಪರೇಶನ್ನಿಗೆ ಒಪ್ಪಿಸುವುದೇ ನನ್ನ ಕೆಲಸ. ಅಪ್ಪ ಜಲಜಾಕ್ಷಿ ಎಂದು ಹೆಸರಿಟ್ಟಿದ್ದಕ್ಕೆ ಕಣ್ಣಿನ ಆಸ್ಪತ್ರೆ ಸೇರಿದೆಯಾ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಮಾಡಲಿ. ಇಷ್ಟು ವರ್ಷಗಳಲ್ಲಿ ನಾನು ಬರಿಗೈಯಲ್ಲಿ ವಾಪಸು ಬಂದದ್ದು ಕಡಿಮೆ. ಇವತ್ತು ಬಂದೆ.

ಚಾಂಗುಣಾಬಾಯಿ ಎಂಬ ಮುದುಕಿಯೊಬ್ಬಳ ಎರಡೂ ಕಣ್ಣು ಎಳನೀರಿನ ಗಂಜಿಯ ಹಾಗೆ ಬಿಳಿಯಾಗಿವೆ. ಬೆಳಕು ಯಾವ ಕಡೆಯಿಂದ ಬರುತ್ತದೆ ಎನ್ನುವುದಷ್ಟೇ ಅವಳಿಗೆ ಗೊತ್ತಾಗುತ್ತದೆ. ನಮ್ಮ ಡಾಕ್ಟರ್ ಅಭಯ್ ಮೈಸೂರಿನ ಹುಡುಗ, ಐರೋಲಿಯಲ್ಲಿ ಮನೆ, ಗಟ್ಟಿಯಾಗಿ ಮಾತಾಡುವವನಲ್ಲ. ಅವನೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಮೇಡಂ, ಬಲಗಣ್ಣಿನ ಪೊರೆ ಬಲಿತು ಹೋಗಿದೆ. ಮಳೆಗಾಲ ಕಳೀಲಿ ಅಂತ ಬಿಟ್ರೆ ಒಳಗೇ ಒಡೆಯತ್ತೆ. ಆಮೇಲೆ ನಾನು ಏನೂ ಮಾಡೋಕಾಗಲ್ಲ.” ಮಳೆ ಬಂದರೆ ಹಳ್ಳ ತುಂಬಿ ಆ ಪಾಡಾಕ್ಕೆ ದಾರಿಯೇ ಇಲ್ಲ.

ಅವಳ ಗುಡಿಸಲಿಗೇ ಹೋದೆ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಮೀನು ತೂಗುಹಾಕಿದ್ದಳು. ಬೆಳ್ಳುಳ್ಳಿಯೇ ಒಳಗೆ ಬಾರದ ಮನೆಯಲ್ಲಿ ಹುಟ್ಟಿದವಳು ನಾನು. ತಲೆ ತಿರುಗಿತು. ಅವಳು ತಡಕಾಡಿಕೊಂಡು ಚಹಾಕ್ಕೆ ನೀರಿಡಲು ಹೊರಟಳು, ನನಗೆ ಅಸಿಡಿಟಿ ಎಂದುಬಿಟ್ಟೆ. ಉಸಿರು ಬಿಗಿಹಿಡಿದು, ಹೇಳಬೇಕಾದ್ದನ್ನೆಲ್ಲ ಬೇಗಬೇಗ ಹೇಳಿ ಹೊರಗೆ ಬಂದೆ. “ಬಘೂ,” ಅಂದಳು. ನೋಡೋಣ ಎಂದು. ನೋಡಲು ಕಣ್ಣಿದ್ದರಲ್ಲವೇ?

ಮಾರ್ಚ್ 25, ಮಂಗಳವಾರ

ಮತ್ತೆ ಹೋದೆ. ಪ್ಲಾಸ್ಟಿಕ್ಕಿನ ದೊಡ್ಡ ಕಣ್ಣು ಬಿಚ್ಚಿ ತೋರಿಸಿದೆ. ಆಪರೇಶನ್ ಆದವರು ನಗುತ್ತ ಮಾತಾಡುವ ವಿಡಿಯೋ ತೋರಿಸಿದೆ. ಕಣ್ಣು ಕಾಣದವರಿಗೆ ವಿಡಿಯೋ ತೋರಿಸುವುದು ಎಂಥ ಬುದ್ಧಿವಂತಿಕೆ ಎಂದು ವಾಪಸು ಬರುವಾಗ ಹೊಳೆಯಿತು. ಖರ್ಚಿಲ್ಲ, ನೋವಿಲ್ಲ, ವ್ಯಾನು ನಿಮ್ಮ ಬಾಗಿಲಿಗೇ ಬರುತ್ತದೆ ಎಂದೆ. ಆಮೇಲೆ ಪಾಲಿಸಬೇಕಾದ ಪಥ್ಯವನ್ನೂ ಹೇಳಿದೆ. ಬಘೂ, ಬಘೂ, ಬಘೂ.

ಈ ಜನಕ್ಕೆ ಹೆದರಿಕೆ. ಮೂಢನಂಬಿಕೆಯೂ ಇರಬಹುದು. ಸಿಟ್ಟಿನಿಂದ ಮುರಬಾಡ್ ತನಕ ಡ್ರೈವರನ ಹತ್ತಿರ ಮಾತಾಡಲಿಲ್ಲ. ಪಾಪ, ಅವನೇನು ಮಾಡಿದ್ದ?

ಬಿಡುವವಳು ನಾನಲ್ಲ.

ಮಾರ್ಚ್ 27, ಗುರುವಾರ

ಅಪೇಕ್ಷಾ ಫೋನು ಮಾಡಿದ್ದಳು. ಆ ಪಾಡಾದ ಸೊಸೆ, ಅಲ್ಲಿಯ ಆಶಾ ಕಾರ್ಯಕರ್ತೆ. ಶಿಬಿರದ ದಿನ ಒಂದು ಮಾತೂ ಆಡದೆ ಕುರ್ಚಿ ಹಾಕಿದ್ದಳು. ಇವತ್ತು ಅವಳು ಮರಾಠಿಯಲ್ಲಿ ಹೇಳಿದ್ದು ಇಷ್ಟು: “ಸಿಟ್ಟಾಗಬೇಡಿ ಮ್ಯಾಡಮ್. ಯಾರಿಗೂ ಹೆದರಿಕೆ ಇಲ್ಲ. ನೀವು ಕೊನೆಗೆ ಒಂದು ಮಾತು ಹೇಳ್ತೀರಲ್ಲ, ಒಂದು ತಿಂಗಳು ಒಲೆ ಮುಂದೆ ಕೂರಬಾರದು, ಹೊಗೆ ತಾಗಬಾರದು ಅಂತ. ಅಲ್ಲಿಗೆ ಮಾತು ಮುಗೀತು.”

“ಯಾಕೆ? ಮನೆಯಲ್ಲಿ ಸೊಸೆಯಂದಿರಿಲ್ಲವೇ?”

“ಅವರೆಲ್ಲ ಭಿವಂಡಿ ಕಡೆ ಇಟ್ಟಿಗೆ ಭಟ್ಟಿಯಲ್ಲಿದ್ದಾರೆ. ದೀಪಾವಳಿ ಆದ ಮೇಲೆ ಹೋದವರು ಮಳೆ ಬಿದ್ದ ಮೇಲೇ ಬರೋದು. ಮೊಮ್ಮಕ್ಕಳಿಗೆ ಬೇಯಿಸಿ ಹಾಕೋರು ಈ ಅಜ್ಜಿಯರೇ. ಸಿಲಿಂಡರು ಮನೆಮನೆಗೂ ಬಂದಿದೆ, ಖಾಲಿಯಾಗಿ ಮೂಲೆಯಲ್ಲಿ ಕೂತಿದೆ. ತುಂಬಿಸೋಕೆ ಮುರಬಾಡಿಗೆ ಹೊತ್ತುಕೊಂಡು ಹೋಗೋರು ಯಾರು?”

ಹಾಗಾದರೆ ಕಣ್ಣು ಸರಿಯಿರುವ ಸೊಸೆಯಂದಿರು ಬರುವುದು ಮಳೆಗೆ, ಆಪರೇಶನ್ ಆಗಬೇಕಾದದ್ದು ಮಳೆಗೆ ಮೊದಲು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಅಪೇಕ್ಷಾಳನ್ನು ಗದರಿದೆ. “ನೀವು ಕೇಳಲಿಲ್ಲ,” ಅಂದಳು.

ಏಪ್ರಿಲ್ 2, ಬುಧವಾರ

ಯೋಚನೆ ಮಾಡಿ ಮಾಡಿ ಇವತ್ತು ಹೊಳೆಯಿತು. ಹೋಟೆಲಿನವರ ಮನೆ ಸೊಸೆಗೆ ಇದು ಹೊಳೆಯಲು ಆರು ದಿನ ಬೇಕಾಯಿತು ಎಂಬುದೇ ನಾಚಿಕೆ. ಆ ಪಾಡಾದಲ್ಲಿ ಒಂದು ಸಮಾಜ ಮಂದಿರವಿದೆ. ತಗಡಿನ ಮಾಡು, ಸಿಮೆಂಟಿನ ನೆಲ. ಅಲ್ಲಿ ನಮ್ಮ ದೊಡ್ಡ ಗ್ಯಾಸಿನ ಒಲೆ ಇಟ್ಟು ಒಂದು ತಿಂಗಳು ಎಲ್ಲರಿಗೂ ಊಟ ಹಾಕಿದರೆ ಮುಗಿಯಿತು. ಮದುವೆಯ ಅಡಿಗೆಗೆ ಹೋದ ಹಾಗೆ.

ರಾತ್ರಿ ಹೋಟೆಲು ಮುಚ್ಚಿ ಬಂದ ಗಂಡ ರಮಾಕಾಂತರಿಗೆ ಬಡಿಸುತ್ತ ವಿಷಯ ತೆಗೆದೆ. ನಮ್ಮದು ವಿಠ್ಠಲವಾಡಿ ಸ್ಟೇಶನ್ನಿನ ಹೊರಗೆ ಹನ್ನೆರಡು ಮೇಜಿನ ಹೋಟೆಲು. ಅಡಿಗೆಗೆ ಶಂಭು, ನಮ್ಮ ಹಾಗೇ ಕೋಟದ ಕಡೆಯವನು.

“ನಿಂಗ್ ಎಂತ ಮರ್ಲಾ? ಶಂಭುನ್ನ ಕಳ್ಸಿದ್ರೆ ಇಲ್ಲಿ ಇಡ್ಲಿ ಬೇಯ್ಸುದ್ ಯಾರ್?” ಎಂದರು.

“ಬೆಳಿಗ್ಗೆ ನಾನ್ ಬೇಯ್ಸ್ತೆ. ಡ್ಯೂಟಿಗೆ ಹೋಪುಕ್ ಮೊದ್ಲ್.”

“ನಿನ್ ಇಡ್ಲಿ ತಿಂದ್ರೆ ಗಿರಾಕಿ ಹಲ್ಲಿನ ಡಾಕ್ಟ್ರ್ ಹತ್ರ ಹೋಯ್ಕಾತ್ತ್.”

ಬೈದರು, ನಕ್ಕರು, ಕೊನೆಗೆ ಹಳೆಯ ಮೂರು ಬರ್ನರಿನ ಒಲೆಯನ್ನು ತೊಳೆಸಿ ಇಡುತ್ತೇನೆ ಎಂದರು. ಈ ಮನುಷ್ಯನಿಗೆ ಬಾಯಲ್ಲಿ ಮಾತ್ರ ಇಲ್ಲ ಎನ್ನುವುದು. ಆಸ್ಪತ್ರೆಯ ಟ್ರಸ್ಟಿಗಳು ಸಂಜೆಯೇ ಅಕ್ಕಿ ಬೇಳೆಯ ಖರ್ಚಿಗೆ ಒಪ್ಪಿದ್ದಾರೆ.

ಏಪ್ರಿಲ್ 9, ಬುಧವಾರ

ವ್ಯಾನು ತುಂಬಿ ಬಂತು. ಊಟದ ಮಾತು ಹೇಳಿದ ಮೇಲೆ ಒಬ್ಬರೂ ಬಘೂ ಅನ್ನಲಿಲ್ಲ. ಒಮ್ಮೆಗೆ ಅರ್ಧ ಜನ, ಉಳಿದವರು ಮೇ ಕೊನೆಗೆ ಎಂದು ಗೊತ್ತು ಮಾಡಿದ್ದೇನೆ.

ದಾರಿಯಲ್ಲಿ ಚಾಂಗುಣಾಬಾಯಿ ನನ್ನ ಪಕ್ಕ ಕೂತಿದ್ದಳು. “ಊಟಕ್ಕೆ ಏನು ಹಾಕ್ತೀ?” ಎಂದು ಕೇಳಿದಳು. ಒಳ್ಳೆಯ ಊಟ, ಹೋಟೆಲಿನ ಊಟ, ನಮ್ಮ ಶಂಭುವಿನ ಕೈರುಚಿ ಹಾಗೆ ಹೀಗೆ ಎಂದು ಕಲ್ಯಾಣದ ತನಕ ವರ್ಣಿಸಿದೆ.

ಸಂಜೆಯೊಳಗೆ ಎಲ್ಲ ಆಪರೇಶನ್ ಮುಗಿಯಿತು. ಚಾಂಗುಣಾಬಾಯಿಯ ಬಲಗಣ್ಣಿನದೇ ಕಷ್ಟದ್ದು, ಡಾ. ಅಭಯ್ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತ. “ಆಯ್ತು ಮೇಡಂ,” ಅಂದ. ಅವನಿಗೆ ಕ್ಯಾಂಟೀನಿನಿಂದ ಕಾಫಿ ತರಿಸಿದೆ.

ಏಪ್ರಿಲ್ 10, ಗುರುವಾರ

ಪಟ್ಟಿ ಬಿಚ್ಚಿದೆವು. ಚಾಂಗುಣಾಬಾಯಿ ಮೊದಲು ತನ್ನ ಎರಡೂ ಕೈಗಳನ್ನು ಮುಖದ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮಾತು ಕೇಳಿ ನೀನು ದಪ್ಪಗಿರ್ತೀಯ ಅಂದ್ಕೊಂಡಿದ್ದೆ. ಕಡ್ಡಿ ಇದ್ದೀ!”

ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ, ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೂ ಬಂದೆ. ಪ್ರತಿ ಸಲ ಹೀಗಾಗುತ್ತದೆ, ಇಷ್ಟು ವರ್ಷವಾದರೂ ಅಭ್ಯಾಸ ಆಗಿಲ್ಲ.

ಏಪ್ರಿಲ್ 11, ಶುಕ್ರವಾರ

ಸಮಾಜ ಮಂದಿರದಲ್ಲಿ ಮೊದಲ ಊಟ. ಶಂಭು ಅನ್ನ, ಹುಳಿ, ಬೀನ್ಸ್ ಪಲ್ಯ ಮಾಡಿ, ಹೆಸರುಬೇಳೆ ಪಾಯಸವನ್ನೂ ಮಾಡಿದ. ಹುಳಿಗೆ ಬೆಲ್ಲ ಹಾಕಿ ಒಗ್ಗರಣೆ ಕೊಟ್ಟಾಗ ಪಾಡಾದ ನಾಯಿಗಳೂ ಬಾಗಿಲಿಗೆ ಬಂದವು. ಅಜ್ಜಿಯರು, ಮೊಮ್ಮಕ್ಕಳು ಸಾಲಾಗಿ ಕೂತು ಮಾತಿಲ್ಲದೆ ಉಂಡರು. ಹೇಗಿದೆ ಎಂದು ಕೇಳಿದರೆ “ಛಾನ್” ಎಂದರು, ಚೆನ್ನಾಗಿದೆ ಎಂದು. ಊಟದ ಮುಂದೆ ಎಷ್ಟು ಶಿಸ್ತು!

ಶಂಭು ಪಾತ್ರೆಯ ತಳ ಒರೆಸುತ್ತ, “ಕಂಡ್ರ್ಯಾ ಜಲಜಕ್ಕ, ಒಂದ್ ಅಗ್ಳ್ ಬಿಡ್ಲಿಲ್ಲ,” ಎಂದ. ಅವನಿಗೆ ಅಲ್ಲೇ ಮಲಗಲು ಜಾಗ ಮಾಡಿಕೊಟ್ಟು ಬಂದೆ. ಇನ್ನು ಚಿಂತೆಯಿಲ್ಲ.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಅಪೇಕ್ಷಾ ಫೋನು: ಚಾಂಗುಣಾಬಾಯಿಯ ಕಣ್ಣು ಕೆಂಪಾಗಿದೆ, ನೀರು ಸುರಿಯುತ್ತಿದೆ. ಇಡ್ಲಿಯನ್ನು ಒಲೆಯ ಮೇಲೇ ಬಿಟ್ಟು ಹೊರಟೆ.

ಗುಡಿಸಲಿಗೆ ಹೋದರೆ ಒಲೆ ಇನ್ನೂ ಬಿಸಿಯಾಗಿತ್ತು. ಬೂದಿಯ ಪಕ್ಕ ಸುಟ್ಟ ಬೋಂಬಿಲ್ ಮೀನಿನ ಬಾಲ. ಹೆಂಚಿನ ಮೇಲೆ ಅರ್ಧ ಭಾಕರಿ ರೊಟ್ಟಿ. ನನಗೆ ಎಲ್ಲಿತ್ತೋ ಸಿಟ್ಟು, ಕೂಗಾಡಿಬಿಟ್ಟೆ. ಅಲ್ಲಿ ಮೂರು ಹೊತ್ತೂ ಬಿಸಿಬಿಸಿ ಊಟ ಹಾಕುತ್ತಿರುವಾಗ ಇಲ್ಲಿ ಕೂತು ಹೊಗೆ ಊದುತ್ತೀಯಲ್ಲ, ನಿನಗೆ ಕಣ್ಣು ಬೇಡವೇ ಎಂದು. ಅವಳು ಸೆರಗಿನಿಂದ ಕಣ್ಣು ಒರೆಸಹೋದಳು, ಕೈ ಹಿಡಿದು ತಡೆದೆ.

ವ್ಯಾನು ಹೊರಟಾಗ ಇಡೀ ಪಾಡಾ ಹೊರಗೆ ನಿಂತಿತ್ತು. ಈ ಕಣ್ಣು ಹೋದರೆ ಇಲ್ಲಿ ನಮ್ಮ ಮಾತು ಇನ್ನು ಯಾರೂ ನಂಬುವುದಿಲ್ಲ. ಮೇ ಕೊನೆಗೆ ಬರಬೇಕಾದವರಲ್ಲಿ ಒಬ್ಬರೂ ಬರುವುದಿಲ್ಲ, ಮುಂದಿನ ವರ್ಷವೂ ಬರುವುದಿಲ್ಲ.

ಡಾ. ಅಭಯ್ ಬಹಳ ಹೊತ್ತು ನೋಡಿದ. “ಸೋಂಕು ಒಳಗಡೆ ಇಳಿದಿಲ್ಲ ಅನ್ಸತ್ತೆ. ಗಂಟೆಗೊಂದ್ಸಲ ಡ್ರಾಪ್ಸ್ ಹಾಕ್ಬೇಕು. ಎರಡು ದಿನ ನೋಡೋಣ.” ಅವನೂ ನೋಡೋಣ ಎಂದ.

ಏಪ್ರಿಲ್ 16, ಬುಧವಾರ

ಡ್ರಾಪ್ಸ್. ಕೆಂಪು ಹಾಗೇ ಇದೆ. ಹೆದರಿಕೆಯಾಗಿದೆ.

ಏಪ್ರಿಲ್ 18, ಶುಕ್ರವಾರ

ಕೆಂಪು ಇಳಿದಿದೆ. ಗೋಡೆಯ ಗಡಿಯಾರದ ಮುಳ್ಳು ಕಾಣುತ್ತದೆ ಎಂದಳು. ಡಾ. ಅಭಯ್ ನಕ್ಕ, ಅಷ್ಟು ಸಾಕು.

ಡ್ರಾಪ್ಸ್ ಹಾಕಿ ಅವಳ ಮಂಚದ ಮೇಲೇ ಕೂತೆ. ಈ ಸಲ ಕೂಗಲಿಲ್ಲ. ಯಾಕೆ ಒಲೆ ಹಚ್ಚಿದೆ ಎಂದು ಕೇಳಿದೆ. ಅವಳು “ನಿನ್ನ ಊಟ ಪೂಜೆಯ ಪ್ರಸಾದದ ಹಾಗಿತ್ತು. ದಿನಾ ಪ್ರಸಾದ ತಿಂದು ಹೊಟ್ಟೆ ತುಂಬುತ್ತಾ? ಸಾರೂ ಸಿಹಿ, ಪಾಯಸವೂ ಸಿಹಿ. ರಾತ್ರಿಯೆಲ್ಲ ಮಕ್ಕಳು ಹಸಿವು ಅಂತ ಅಳ್ತಿದ್ವು,” ಎಂದಳು.

“ಛಾನ್ ಅಂದಿರಲ್ಲ!”

“ಮತ್ತೇನು ಅನ್ನೋದು? ಅಷ್ಟು ದೂರದಿಂದ ಅಡಿಗೆಯವನನ್ನು ಕರ್ಕೊಂಡು ಬಂದಿದ್ದೀ. ತಟ್ಟೆ ಮುಂದೆ ಕೂತು ಕೆಟ್ಟದ್ದು ಆಡೋದಾ?”

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಒಲೆ ಹಚ್ಚಿದವಳು ಅವಳೊಬ್ಬಳೇ ಅಲ್ಲ. ಆಪರೇಶನ್ ಆದವರೆಲ್ಲರೂ ಶಂಭು ಮಲಗಿದ ಮೇಲೆ ತಂತಮ್ಮ ಮನೆಯಲ್ಲಿ ಭಾಕರಿ ಸುಟ್ಟುಕೊಳ್ಳುತ್ತಿದ್ದರಂತೆ. ಹೋಟೆಲಿನವರು ನಾವು, ಗಿರಾಕಿ ಕೂತ ಕೂಡಲೇ ಏನು ಬೇಕು ಎಂದು ಕೇಳುವುದು ನಮ್ಮ ಮೊದಲ ಮಾತು. ಇಲ್ಲಿ ಕೇಳಲೇ ಇಲ್ಲವಲ್ಲ!

ಏನು ಬೇಕು ಎಂದು ಕೇಳಿದೆ. ನಾಚಣಿ ಭಾಕರಿ, ಸುಕಟ್ ಅಂದರೆ ಒಣ ಸಿಗಡಿಯ ಚಟ್ನಿ, ಸುಟ್ಟ ಬೋಂಬಿಲ್, ಖಾರ. ಕೇಳುವಾಗ ಸ್ವಲ್ಪ ಕಷ್ಟವಾಯಿತು. ಕೇಳಿಸಿಕೊಂಡೆ.

ಏಪ್ರಿಲ್ 19, ಶನಿವಾರ

ಶಂಭುವಿಗೆ ಹೇಳಿದಾಗ ಅವನು ಸೌಟು ಕೆಳಗಿಟ್ಟ. “ನಾನ್ ಜನಿವಾರ ಗೂಟಕ್ಕ್ ಸಿಕ್ಸಿ ಬಪ್ಪುದಾ ಜಲಜಕ್ಕ?” ಎಂದ.

ನಾಚಣಿ ಎಂದರೆ ನಮ್ಮ ರಾಗಿಯೇ, ಭಾಕರಿ ತಟ್ಟುವುದು, ಅನ್ನ ಬೇಯಿಸುವುದು ನಿನ್ನ ಕೆಲಸ; ಮೀನಿನ ಬರ್ನರನ್ನು ಅಪೇಕ್ಷಾಳ ಅತ್ತೆ ನೋಡಿಕೊಳ್ಳುತ್ತಾಳೆ, ಅವಳ ಕಣ್ಣು ಸರಿಯಿದೆ ಎಂದು ಒಪ್ಪಿಸಿದೆ. ಮಧ್ಯೆ ಒಂದು ಗೋಣಿತಟ್ಟು ಕಟ್ಟಬೇಕೆಂದು ಅವನ ಷರತ್ತು. ಕಟ್ಟಿಸಿದೆ.

ಮೀನು ತರುವವರು ಯಾರು? ಕಲ್ಯಾಣದ ಪೇಟೆ ನನ್ನ ದಾರಿಯಲ್ಲೇ ಇದೆ. ಮೂಗಿಗೆ ಕರ್ಚೀಫು ಹಿಡಿದು ದೂರದಿಂದಲೇ ಬೆರಳು ತೋರಿಸಿ ಒಂದು ಚೀಲ ಕಟ್ಟಿಸಿಕೊಂಡೆ. ಅಮ್ಮ ಇದ್ದಿದ್ದರೆ ಮೂರು ಸಲ ಸ್ನಾನ ಮಾಡಿಸುತ್ತಿದ್ದಳು. ನಾನು ಎರಡು ಸಲ ಮಾಡಿದೆ.

ಏಪ್ರಿಲ್ 22, ಮಂಗಳವಾರ

ಮಂದಿರದಲ್ಲಿ ಇವತ್ತು ಗದ್ದಲವೋ ಗದ್ದಲ. ಊಟ ಮಾಡುವಾಗ ಮಾತಾಡದ ಜನ ಎಂದು ಯಾರು ಹೇಳಿದ್ದು? ಉಪ್ಪು ಕಡಿಮೆ, ಭಾಕರಿ ದಪ್ಪ, ಸುಕಟ್ ತುಂಬ ಮರಳು ಎಂದು ಆಕ್ಷೇಪಗಳ ಮೇಲೆ ಆಕ್ಷೇಪ. ಮರಳಿನ ಸುಕಟ್ ತಂದವಳು ನಾನು. ಪೇಟೆಯ ಹೆಂಗಸು ನನಗೆ ಟೋಪಿ ಹಾಕಿದ್ದಾಳೆ.

ಮನೆಮನೆಗೆ ಹೋಗಿ ಒಲೆ ಮುಟ್ಟಿ ನೋಡಿದೆ. ಎಲ್ಲ ತಣ್ಣಗಿದ್ದವು. ಒಂದರಲ್ಲಿ ಕೋಳಿ ಕಾವು ಕೂತಿತ್ತು.

ಮೇ 6, ಮಂಗಳವಾರ

ಬರೆಯದೆ ಎರಡು ವಾರವಾಯಿತು, ಬರೆಯುವಂಥದ್ದೇನೂ ಆಗಲಿಲ್ಲ. ಎಲ್ಲರ ಕಣ್ಣೂ ಚೆನ್ನಾಗಿವೆ. ಚಾಂಗುಣಾಬಾಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ, ಅದೇ ದೊಡ್ಡ ಹೆಮ್ಮೆ ಅವಳಿಗೆ. ಗೋಣಿತಟ್ಟು ಬಿದ್ದುಹೋಗಿತ್ತು, ಶಂಭು ಮತ್ತೆ ಕಟ್ಟಿದಂತೆ ಕಾಣಲಿಲ್ಲ.

ಪೇಟೆಯ ಹೆಂಗಸಿನ ಹತ್ತಿರ ಇವತ್ತು ಚೆನ್ನಾಗಿ ಜಗಳ ಮಾಡಿದೆ. ಒಳ್ಳೆಯ ಬೋಂಬಿಲ್ ಮುರಿದರೆ ಟಕ್ ಎನ್ನಬೇಕು, ಮೂಸಿದರೆ ಕಮಟು ವಾಸನೆ ಇರಬಾರದು. ಇದು ಬಗ್ಗುತ್ತಿತ್ತು. ಬೇರೆ ಗೋಣಿ ಬಿಚ್ಚಿಸಿದೆ. ಈಗ ನನ್ನನ್ನು ಕಂಡರೆ ಅವಳೇ ಒಳಗಿನದನ್ನು ತೆಗೆಯುತ್ತಾಳೆ.

ರಾತ್ರಿ ಮಗಳು ಪೂಜಿತಾ ಹೊರಗಿನ ಕೋಣೆಯಿಂದ ಕೂಗಿದಳು: “ಮಮ್ಮಿ, ಯೇ ಬ್ಯಾಗ್ ಸೇ ಕೈಸಾ ಸ್ಮೆಲ್ ಆ ರಹಾ ಹೈ?” ರಮಾಕಾಂತರೂ ಮೂಗು ಮುಚ್ಚಿಕೊಂಡು ಚೀಲವನ್ನು ಬಾಲ್ಕನಿಗೆ ಇಟ್ಟು ಬಂದರು. ನಾನು ಮೂಸಿ ನೋಡಿದೆ. ನನಗೇನೂ ವಾಸನೆ ಬರಲಿಲ್ಲ. ಡೊಂಬಿವಲಿಯಲ್ಲಿ ಗಟಾರದ ಪಕ್ಕ ಮನೆ ಮಾಡಿಕೊಂಡು ಇವರಿಗೆ ಚೀಲದ ವಾಸನೆಯಂತೆ.

ಮೇ 26, ಸೋಮವಾರ

ಮಳೆ! ಈ ಸಲ ಮೇ ತಿಂಗಳಲ್ಲೇ ಬಂದುಬಿಟ್ಟಿದೆ. ಲೋಕಲ್‌ಗಳೆಲ್ಲ ತಡ. ಎರಡನೆಯ ತಂಡ ನಾಡಿದ್ದು ಬುಧವಾರ ಬರಬೇಕು. ಹಳ್ಳದ ಸಣ್ಣ ಸೇತುವೆ ಮುಳುಗಿದೆ, ವ್ಯಾನು ದಾಟುವುದಿಲ್ಲ ಎಂದು ಅಪೇಕ್ಷಾ ಹೇಳಿದಳು. ದೀಪಾವಳಿಯ ಮೇಲೆ ನೋಡೋಣ ಎಂದರು ಆಸ್ಪತ್ರೆಯವರು.

ಅಷ್ಟರಲ್ಲಿ ಇನ್ನೆಷ್ಟು ಪೊರೆ ಬಲಿಯುತ್ತದೋ! ಬೇರೆ ದಾರಿ ಇಲ್ಲವೇ ಎಂದು ಅಪೇಕ್ಷಾಳನ್ನು ಕೇಳಿದೆ. ಗುಡ್ಡದ ಮೇಲಿಂದ ಒಂದು ಕಾಲುದಾರಿ ಇದೆಯಂತೆ. ಹಳ್ಳ ಹುಟ್ಟುವ ಕಡೆಯಿಂದ ಸುತ್ತಿ ಡಾಂಬರು ರಸ್ತೆಗೆ ಇಳಿಯುತ್ತದೆ, ನೀರು ದಾಟುವ ಗೋಜಿಲ್ಲ. ಆದರೆ ಜಾರುತ್ತದೆ, ಕಣ್ಣು ಕಾಣದವರನ್ನು ಹೇಗೆ ಕರೆತರುವುದು ಎಂದಳು. ಬರುತ್ತೇನೆ, ಬಂದು ಯೋಚಿಸೋಣ ಎಂದೆ.

ಮೇ 28, ಬುಧವಾರ

ಮೈಯೆಲ್ಲ ನೋವು, ಆದರೂ ಬರೆದೇ ಮಲಗುತ್ತೇನೆ.

ವ್ಯಾನನ್ನು ಡಾಂಬರಿನ ಮೇಲೆ ನಿಲ್ಲಿಸಿ, ಡ್ರೈವರನ ಕೊಡೆ ಹಿಡಿದು ನಾನೂ ಅಲ್ಲಿಗೆ ಇಳಿದು ಬಂದು ಕಾದಿದ್ದ ಅಪೇಕ್ಷಾಳೂ ಗುಡ್ಡ ಹತ್ತಿದೆವು. ಪಾಡಾ ತಲುಪಿದಾಗ ಹೊರಡಬೇಕಾದವರೆಲ್ಲ ಮಂದಿರದಲ್ಲಿ ಪ್ಲಾಸ್ಟಿಕ್ ಹೊದ್ದು ತಯಾರಾಗಿದ್ದರು. ಭಟ್ಟಿ ಬೇಗ ನಿಂತದ್ದರಿಂದ ಸೊಸೆಯಂದಿರೂ ಬಂದಿದ್ದರು, ಆದರೆ ಅವರು ಕಂಕುಳಲ್ಲಿ ಮಕ್ಕಳನ್ನು ಹಿಡಿದು ಹಿಂದೆಮುಂದೆ ನೋಡುತ್ತಿದ್ದರು. ಈ ದಾರಿಯನ್ನು ಯಾರೂ ಈಗ ಬಳಸುವುದಿಲ್ಲವಂತೆ.

ಚಾಂಗುಣಾಬಾಯಿ ಕೋಲು ತೆಗೆದುಕೊಂಡಳು. “ಸೇತುವೆ ಇಲ್ಲದಾಗ ನಾನು ಇದೇ ದಾರಿಯಲ್ಲಿ ಸೌದೆ ಮಾರಲು ಹೋಗ್ತಿದ್ದೆ. ನಾನು ಮುಂದೆ,” ಎಂದಳು. ಅವಳ ಇನ್ನೊಂದು ಕಣ್ಣಿನ ಆಪರೇಶನ್ನೂ ಇವತ್ತೇ. ಒಂದೇ ಕಣ್ಣಿನಲ್ಲಿ ಹೊರಟಳು.

ಅವಳ ಹೆಗಲ ಮೇಲೆ ಒಬ್ಬಳ ಕೈ, ಅವಳ ಹೆಗಲ ಮೇಲೆ ಇನ್ನೊಬ್ಬಳದು, ಹೀಗೆ ಒಂದು ಉದ್ದ ಸಾಲು. ಸೊಸೆಯಂದಿರು ಪಕ್ಕಪಕ್ಕದಲ್ಲಿ. ಚಾಂಗುಣಾಬಾಯಿ ಮುಂದಿನಿಂದ ಕೂಗುತ್ತಿದ್ದಳು: ಕಲ್ಲು! ಕೆಸರು! ಬೇರು! ಕೂಗಿದ್ದು ಬಾಯಿಂದ ಬಾಯಿಗೆ ಹಿಂದಕ್ಕೆ ಬರುತ್ತಿತ್ತು. ಕೊನೆಗೆ ನಾನು. ಕಣ್ಣು ಸರಿಯಿದ್ದೂ ಜಾರಿ ಬಿದ್ದವಳು ನಾನೊಬ್ಬಳೇ. ಎದ್ದ ಮೇಲೆ ಮುಂದಿನವಳ ಹೆಗಲು ಹಿಡಿದುಕೊಂಡೇ ಇಳಿದೆ.

ವ್ಯಾನಿನಲ್ಲಿ ಎಲ್ಲರೂ ಕೂತ ಮೇಲೆ ಡ್ರೈವರು ನನ್ನ ಸೀರೆಯ ಕೆಸರು ನೋಡಿ ಸೀಟಿಗೆ ಪೇಪರು ಹಾಸಿದ. ಮಧ್ಯಾಹ್ನದ ಮೇಲೆ ಡಾ. ಅಭಯ್ ಶುರು ಮಾಡಿ ಕತ್ತಲಾಗುವ ಮೊದಲೇ ಎಲ್ಲ ಮುಗಿಸಿದ. ಮಳೆ ನನ್ನನ್ನು ಸೋಲಿಸಲಿಲ್ಲ. ಇವತ್ತು ನನಗೆ ಬಹಳ ಸಂತೋಷವಾಗಿದೆ.

ಜೂನ್ 3, ಮಂಗಳವಾರ

ಎಲ್ಲರ ಕಣ್ಣೂ ಸರಿ. ಸೊಸೆಯಂದಿರು ಬಂದ ಮೇಲೂ ಮಂದಿರದ ಅಡಿಗೆ ನಿಂತಿಲ್ಲ. ಗುಡಿಸಲಿನಲ್ಲಿ ಹೊಗೆ, ಇಲ್ಲಿ ಗ್ಯಾಸು ಎಂದು ಅವರೇ ಅಲ್ಲಿ ಬೇಯಿಸುತ್ತಾರೆ. ಶಂಭುವನ್ನು ವಾಪಸು ಕರೆದುಕೊಂಡು ಬರಲು ಹೋದೆ. ನಾಳೆ ಬರುತ್ತೇನೆ ಎಂದ, ಸೊಸೆಯಂದಿರಿಗೆ ಇಡ್ಲಿ ಕಲಿಸುತ್ತಿದ್ದಾನಂತೆ.

ಹೊರಡುವ ಮೊದಲು ಚಾಂಗುಣಾಬಾಯಿಯ ಎರಡನೆಯ ಕಣ್ಣು ನೋಡಲು ಅವಳ ಗುಡಿಸಲಿಗೆ ಹೋದೆ. ಮಳೆ ಜೋರಾಯಿತು, ಅಲ್ಲೇ ಕೂತೆ. ಸೊಸೆ ಮಂದಿರದಿಂದ ಚಹಾ ತಂದುಕೊಟ್ಟಳು. ಒಲೆಯ ಮೇಲಿನ ಹಗ್ಗದಲ್ಲಿ ನಾನೇ ತಂದ ಬೋಂಬಿಲ್ ತೂಗುತ್ತಿತ್ತು. ಒಂದನ್ನು ಮುಟ್ಟಿ, ಮಳೆಗೆ ಮೆತ್ತಗಾಗುತ್ತಿದೆ, ಡಬ್ಬಿಗೆ ಹಾಕು ಎಂದೆ.

ಅವಳು ಎರಡೂ ಕಣ್ಣಿನಿಂದ ನನ್ನನ್ನೇ ನೋಡುತ್ತ ನಕ್ಕಳು. “ಮೊದಲನೇ ದಿನ ಇಲ್ಲಿ ನೀನು ಉಸಿರು ಬಿಗಿಹಿಡಿದು ಮಾತಾಡಿದ್ದೆ. ನನಗೆ ಕಣ್ಣಿರಲಿಲ್ಲ, ಕಿವಿ ಇತ್ತಲ್ಲ. ಇವಳು ಇನ್ನೊಂದ್ಸಲ ಬರೋಳಲ್ಲ ಅಂದ್ಕೊಂಡಿದ್ದೆ.”

ನಾನೆಲ್ಲಿ ಉಸಿರು ಹಿಡಿದಿದ್ದೆ? ಯಾರನ್ನೋ ನೆನೆಸಿಕೊಂಡು ನನ್ನ ತಲೆಗೆ ಕಟ್ಟುತ್ತಿದ್ದಾಳೆ. ಹಾಗೆಂದು ವಾದಿಸಿದೆ. “ಇರಲಿ, ಚಹಾ ಆರುತ್ತೆ,” ಅಂದಳು. ಚಹಾ ಚೆನ್ನಾಗಿತ್ತು, ಸಕ್ಕರೆ ಮಾತ್ರ ಸ್ವಲ್ಪ ಹೆಚ್ಚು. ಅದನ್ನು ಅವಳಿಗೆ ಹೇಳಿಯೇ ಎದ್ದೆ.

ಗುಡ್ಡದ ಮೇಲಿನ ಪಾಡಾದವರು ಅಪೇಕ್ಷಾಳ ಹತ್ತಿರ ಹೇಳಿ ಕಳಿಸಿದ್ದಾರೆ: ಕಣ್ಣಿನ ವ್ಯಾನು ತಮ್ಮ ಕಡೆ ಯಾವಾಗ ಬರುತ್ತದೆ, ಊಟಕ್ಕೆ ಬೋಂಬಿಲ್ ಇರುತ್ತದೋ ಇಲ್ಲವೋ. ಇರುತ್ತದೆ ಎಂದು ಹೇಳಿಸಿದೆ.